ರಸ್ಟ್‌ನಲ್ಲಿ ಸೆಲ್, ರೆಫ್‌ಸೆಲ್, ಮ್ಯೂಟೆಕ್ಸ್: ಯಾವುದನ್ನು ಎಲ್ಲಿ ಬಳಸಬೇಕು?

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಮೌಲ್ಯಕ್ಕೆ ಓದುವ ರೆಫರೆನ್ಸ್‌ಗಳು (ಮೌಲ್ಯವನ್ನು ಎರವಲು ಪಡೆಯುವ ಕೊಂಡಿಗಳು) ಎಷ್ಟಾದರೂ ಇರಬಹುದು, ಇಲ್ಲವೇ ತಿದ್ದುವ ರೆಫರೆನ್ಸ್ ಒಂದೇ ಇರಬಹುದು. ಎರಡೂ ಒಟ್ಟಿಗಿರಲು ಕಂಪೈಲರ್ ಬಿಡುವುದಿಲ್ಲ. ಆದರೆ ಆರ್‌ಸಿ (ಒಂದೇ ಮೌಲ್ಯಕ್ಕೆ ಹಲವು ಒಡೆಯರಿರಲು ಬಿಡುವ ಪಾಯಿಂಟರ್) ಮೂಲಕ ಹಲವೆಡೆ ಹಂಚಿದ ದತ್ತಾಂಶವನ್ನು ತಿದ್ದಬೇಕಾದಾಗ, ಅಥವಾ ಬರಿದೇ ಓದುವಂತೆ ಕಾಣುವ ಮೆಥಡ್ ತನ್ನೊಳಗಿನ ಕ್ಯಾಶ್ ತುಂಬಿಸಬೇಕಾದಾಗ, ಬೇರೆ ದಾರಿ ಬೇಕಾಗುತ್ತದೆ: ಮೌಲ್ಯವನ್ನು ಸೆಲ್, ರೆಫ್‌ಸೆಲ್ ಅಥವಾ ಮ್ಯೂಟೆಕ್ಸ್‌ನಂತಹ ಹೊದಿಕೆಯೊಳಗೆ ಇಟ್ಟು, ಓದುವ ರೆಫರೆನ್ಸ್ ಮೂಲಕವೇ ತಿದ್ದುವುದು. ಆಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಮೌಲ್ಯವನ್ನು ಹಲವು ಥ್ರೆಡ್‌ಗಳು (ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಮುಟ್ಟುತ್ತವೆಯೇ?

ಇಲ್ಲವೆಂದಾದರೆ ಸೆಲ್‌ನಿಂದ ಆರಂಭಿಸಿ. ಹಂಚಿಕೊಂಡಿರುವಾಗ ಅದು ಒಳಗಿನ ಮೌಲ್ಯಕ್ಕೆ ರೆಫರೆನ್ಸ್ ಕೊಡುವುದೇ ಇಲ್ಲವಾದ್ದರಿಂದ ಅಲ್ಲಿ ರನ್‌ಟೈಮ್ ತಪಾಸಣೆಯೂ ಇಲ್ಲ, ಎರವಲಿನ ನಿಯಮ ಮುರಿದು ಓಟ ಅರ್ಧಕ್ಕೇ ನಿಲ್ಲುವ ಪ್ಯಾನಿಕ್ಕೂ ಇಲ್ಲ. ಸೆಲ್ ಎಂದರೆ ಕಾಪಿ ಟೈಪ್‌ಗಳಿಗಷ್ಟೇ (ಪೂರ್ಣಾಂಕದಂತೆ ಸರಳವಾಗಿ ನಕಲಾಗುವವುಗಳಿಗೆ) ಎಂದು ಹಲವರು ಭಾವಿಸುತ್ತಾರೆ. ಆ ನಿರ್ಬಂಧ ಇರುವುದು ‘ಗೆಟ್’ನಂತಹ ಕೆಲವು ಮೆಥಡ್‌ಗಳಿಗೆ ಮಾತ್ರ. ‘ಟೇಕ್’ ಬಳಸಿ ಒಂದು ವೆಕ್ಟರನ್ನು ಹೊರತೆಗೆದು, ತಿದ್ದಿ, ‘ಸೆಟ್’ ಮೂಲಕ ಮರಳಿ ಇಡಬಹುದು. ಹೊರಗಿರುವಷ್ಟು ಹೊತ್ತು ಉಳಿದವರಿಗೆ ಖಾಲಿ ವೆಕ್ಟರ್ ಕಾಣುತ್ತದೆ ಎಂಬುದನ್ನಷ್ಟೇ ನೆನಪಿಡಬೇಕು.

ಹ್ಯಾಶ್‌ಮ್ಯಾಪ್‌ನಂತಹ ದೊಡ್ಡ ರಚನೆಯನ್ನು ಇದ್ದಲ್ಲಿಯೇ ನೋಡಬೇಕಾದಾಗ ರೆಫ್‌ಸೆಲ್ ಬೇಕು. ಇದು ಎರವಲಿನ ನಿಯಮವನ್ನು ಪ್ರೋಗ್ರಾಮ್ ಓಡುವಾಗ ಪರೀಕ್ಷಿಸುತ್ತದೆ, ನಿಯಮ ಮುರಿದರೆ ಪ್ಯಾನಿಕ್ ಆಗುತ್ತದೆ. ಹೆಚ್ಚಿನವರು ಎಡವುವುದು ‘ಮ್ಯಾಚ್’ (ಮೌಲ್ಯ ನೋಡಿ ಕವಲು ಆರಿಸುವ ರಚನೆ) ಬಳಿ: ಅದರ ತಲೆಯಲ್ಲಿಯೇ ಓದುವ ಎರವಲು ಕೊಡುವ ‘ಬಾರೋ’ ಕರೆದರೆ ಆ ಎರವಲು ಮ್ಯಾಚ್ ಮುಗಿಯುವವರೆಗೂ ಉಳಿಯುತ್ತದೆ, ಒಳಗಿನ ಕವಲೊಂದರಲ್ಲಿ ತಿದ್ದುವ ಎರವಲು ಕೊಡುವ ‘ಬಾರೋ ಮ್ಯೂಟ್’ ಕರೆದ ಕೂಡಲೇ ಪ್ಯಾನಿಕ್ ಆಗುತ್ತದೆ. ಆದ್ದರಿಂದ ಬೇಕಾದ ಮೌಲ್ಯವನ್ನು ಮೊದಲು ಪ್ರತ್ಯೇಕ ‘ಲೆಟ್’ ಸಾಲಿನಲ್ಲಿ ಕ್ಲೋನ್ ಮಾಡಿಕೊಳ್ಳಿ. ಎರವಲು ಹಿಡಿದಿರುವಾಗ ಬೇರೆಯವರು ಬರೆದ ಕಾಲ್‌ಬ್ಯಾಕನ್ನು ಎಂದೂ ಕರೆಯಬೇಡಿ.

ಒಮ್ಮೆ ತುಂಬಿಸಿ ಆಮೇಲೆ ಓದುವುದಷ್ಟೇ ಇದ್ದರೆ ಒನ್ಸ್‌ಸೆಲ್ ಸಾಕು, ಥ್ರೆಡ್‌ಗಳ ನಡುವೆ ಒನ್ಸ್‌ಲಾಕ್. 2023ರಲ್ಲಿ ಬಂದ 1.70ನೇ ಆವೃತ್ತಿಯಿಂದ ಇವೆರಡೂ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿಯೇ ಇವೆ.

ಹಲವು ಥ್ರೆಡ್‌ಗಳು ತಿದ್ದುವಲ್ಲಿ, ಬರೀ ಎಣಿಕೆಗೆ ಅಟಾಮಿಕ್ ಸಂಖ್ಯೆಯೂ (ಪ್ರತಿ ಬದಲಾವಣೆಯೂ ಅಖಂಡವಾಗಿ ನಡೆಯುವ ಸಂಖ್ಯೆ) ‘ರಿಲ್ಯಾಕ್ಸ್ಡ್’ ಎಂಬ ಅತ್ಯಂತ ಸಡಿಲ ಕ್ರಮವೂ ಸಾಕು. ಆದರೆ ಎರಡು ಫೀಲ್ಡ್‌ಗಳು ಸದಾ ಪರಸ್ಪರ ಹೊಂದಿಕೊಂಡಿರಬೇಕಾದರೆ ಎರಡು ಅಟಾಮಿಕ್‌ಗಳು ಆ ಭರವಸೆ ಕೊಡಲಾರವು. ಆ ಫೀಲ್ಡ್‌ಗಳೆರಡನ್ನೂ ಒಂದೇ ಮ್ಯೂಟೆಕ್ಸ್‌ನೊಳಗೆ (ಒಮ್ಮೆಗೆ ಒಂದೇ ಥ್ರೆಡ್‌ಗೆ ಪ್ರವೇಶ ಕೊಡುವ ಲಾಕ್) ಇಡಿ. ಓದುವವರು ಹೆಚ್ಚಿದ್ದಾರೆಂದ ಮಾತ್ರಕ್ಕೆ ಆರ್‌ಡಬ್ಲ್ಯೂಲಾಕ್‌ಗೆ (ಹಲವು ಓದುಗರಿಗೆ ಇಲ್ಲವೇ ಒಬ್ಬ ಬರೆಯುವವನಿಗೆ ಎಡೆ ಕೊಡುವ ಲಾಕ್) ಹೋಗುವುದು ಆತುರದ ತೀರ್ಮಾನ: ಲಾಕ್ ಹಿಡಿಯುವ ಅವಧಿ ಚಿಕ್ಕದಾಗಿದ್ದರೆ ಓದುಗರ ಲೆಕ್ಕ ಇಡುವ ವೆಚ್ಚವೇ ಲಾಭವನ್ನು ನುಂಗಬಹುದು. ಮ್ಯೂಟೆಕ್ಸ್‌ನಿಂದ ಆರಂಭಿಸಿ, ಅಳೆದು ನೋಡಿದ ಮೇಲೆ ಬದಲಾಯಿಸಿ. ಅಸಿಂಕ್ ಕೋಡ್‌ನಲ್ಲಿಯೂ (ಕಾಯುವಾಗ ಬೇರೆ ಕೆಲಸಕ್ಕೆ ಎಡೆ ಬಿಡುವ ಕೋಡ್) ಲಾಕ್ ಹಿಡಿದುಕೊಂಡೇ ‘ಅವೇಟ್’ ಎಂಬ ಕಾಯುವ ಬಿಂದುವನ್ನು ದಾಟಬೇಕಾದಾಗ ಮಾತ್ರ ಟೋಕಿಯೋ ಎಂಬ ಅಸಿಂಕ್ ಲೈಬ್ರರಿಯ ಮ್ಯೂಟೆಕ್ಸ್ ಬೇಕಾಗುತ್ತದೆ. ಉಳಿದೆಡೆ ಸ್ಟ್ಯಾಂಡರ್ಡ್ ಮ್ಯೂಟೆಕ್ಸ್ ಸಾಮಾನ್ಯವಾಗಿ ಸಾಕಾಗುತ್ತದೆ.