ಬಂಡೆ ಹತ್ತೋ ಮುಂಚೆ: ಹಗ್ಗದ ಭಯ ಬೇರೆ, ಹಾವಿನ ಭಯ ಬೇರೆ

ಸಾವನದುರ್ಗದ ಬುಡದಲ್ಲಿ ನಿಂತು ಮೇಲೆ ನೋಡಿದ್ರೆ ಮೊದ್ಲು ಅನ್ಸೋದು, ಅಯ್ಯೋ ಇದೇನು ಅಷ್ಟೊಂದು ಕಡಿದಾಗಿಲ್ವಲ್ಲ ಅಂತ. ಆನೆ ಬೆನ್ನಿನ ತರ ಇಳಿಜಾರು, ಇಡೀ ಬೆಟ್ಟಾನೇ ಗ್ರಾನೈಟ್ ಬಂಡೆ, ಸಮುದ್ರ ಮಟ್ಟದಿಂದ 1226 ಮೀಟರ್. ಹಗ್ಗ ಕಟ್ಕೊಂಡು ಲೀಡ್ ಮಾಡ್ತಾ (ಅಂದ್ರೆ ಮೊದಲು ಹತ್ತೋನಾಗಿ, ಬಂಡೆಗೆ ಹೊಡೆದಿರೋ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸ್ತಾ) ಹೋಗಿ, ಕೊನೇ ಬೋಲ್ಟ್ ಕಾಲಿಂದ ನಾಲ್ಕೈದು ಮೀಟರ್ ಕೆಳಗೆ ಉಳಿದು, ಮುಂದಿಂದು ಎಲ್ಲಿದೆ ಅಂತ ಕಣ್ಣಿಗೇ ಬೀಳದೆ, ಕೈಗೆ ಹಿಡ್ಕೊಳ್ಳೋಕೆ ಒಂದು ಬಿರುಕೂ ಇಲ್ದೆ ಇದ್ದಾಗ ಗೊತ್ತಾಗತ್ತೆ ಅದರ ಮಜಾ. ಅಲ್ಲಿ ಕಾಲು ಹೊಲಿಗೆ ಮಿಷನ್ ತರ ಕುಣಿಯೋಕೆ ಶುರುವಾದೋರನ್ನ ಸುಮಾರು ಜನ ನೋಡಿದೀನಿ, ಅದರಲ್ಲಿ ನಾನೂ ಒಬ್ಬ. ಯಾರೂ ತಯಾರಿ ಇಲ್ದೆ ಬಂದೋರಲ್ಲ, ತಯಾರಿನೇ ತಪ್ಪು: ರಾತ್ರಿ ಒಂದು ಗಂಟೆವರೆಗೂ ಫೋನಲ್ಲಿ ಬೇರೆಯೋರು ಬೀಳೋ ವಿಡಿಯೋ, ಬೆಳಿಗ್ಗೆ ಒಂದು ಎನರ್ಜಿ ಡ್ರಿಂಕ್, ಕಾರಲ್ಲಿ ಮೋಟಿವೇಷನ್ ಭಾಷಣ. ಎದೆ ಮೊದಲೇ ಢವಢವ ಅಂತಿರತ್ತೆ, ಅದಕ್ಕೆ ಇನ್ನೊಂದು ಡಬ್ಬಿ ಕೆಫೀನ್ ಸುರಿದ್ರೆ ಕಾಲು ಕುಣಿದೆ ಇನ್ನೇನು ಮಾಡತ್ತೆ?

ಮೊದಲು ಪಟ್ಟಿ ಮಾಡಿ

ಹೋಗೋ ಒಂದು ವಾರ ಮುಂಚೆ ಒಂದು ಹಾಳೆ ತಗೊಂಡು ನಿಮಗೆ ಭಯ ಆಗೋದನ್ನೆಲ್ಲ ಬರೀರಿ, ನಾಚ್ಕೊಳ್ದೆ ಬರೀರಿ. ಆಮೇಲೆ ಒಂದೊಂದರ ಮುಂದೆ ಇದು ಹಗ್ಗಾನಾ ಹಾವಾ ಅಂತ ಹಾಕಿ. ಹಗ್ಗಾನ ಹಾವು ಅಂದ್ಕೊಂಡು ಬೆಚ್ಚಿ ಬೀಳೋದು ಒಂದು, ನಿಜವಾಗ್ಲೂ ಹಾವು ಮಲಗಿರೋದು ಇನ್ನೊಂದು, ಎರಡಕ್ಕೂ ಎದೆ ಒಂದೇ ತರ ಹೊಡ್ಕೊಳ್ಳತ್ತೆ, ತೊಂದರೆ ಇರೋದೇ ಅಲ್ಲಿ.

ಕ್ಯಾರಬೀನರ್, ಅಂದ್ರೆ ಹಗ್ಗ ಸಿಕ್ಕಿಸೋ ಲೋಹದ ಕೊಂಡಿ, ಮುರಿದುಬಿಟ್ರೆ? ಹಗ್ಗ. ಒಳ್ಳೇ ಕ್ಯಾರಬೀನರ್ ಬೆನ್ನ ಮೇಲೆ ಕಿಲೋನ್ಯೂಟನ್‌ನಲ್ಲಿ ಕೆತ್ತಿರ್ತಾರೆ, ಉದ್ದುದ್ದಕ್ಕೆ ಕಮ್ಮಿ ಅಂದ್ರೂ 20, ಅಂದ್ರೆ ಸುಮಾರು ಎರಡು ಟನ್ ಭಾರ. ಅದೇ ಗೇಟ್ (ಹಗ್ಗ ಒಳಗೆ ಹಾಕೋಕೆ ತೆರೆಯೋ ಬಾಯಿ) ತೆರ್ಕೊಂಡಿದ್ರೆ ಬರೀ 7ರ ಆಸುಪಾಸು, ಅದಕ್ಕೇ ಗೇಟ್ ಬಂಡೆಗೆ ಒತ್ಕೊಂಡು ತೆರ್ಕೊಳ್ದೇ ಇರೋ ಹಾಗೆ ಹಾಕೋದನ್ನ ಕಲೀರಿ. (ಕೀ ಚೈನ್‌ಗೆ ಹಾಕೋ ಬಣ್ಣಬಣ್ಣದ ಅಗ್ಗದ್ದು ಆನ್‌ಲೈನಲ್ಲಿ ಸಿಗತ್ತಲ್ಲ, ಅದನ್ನ ಕೀ ಚೈನ್‌ಗೇ ಬಿಡಿ. ಸ್ನೇಹಿತ ಕೊಟ್ಟ ಹಳೇ ಹಗ್ಗಾನೂ ಬೇಡ, ಅವನು ಅದರಲ್ಲಿ ಬೈಕ್ ಎಳೆದಿದ್ನೋ ಏನೋ ಯಾರಿಗೆ ಗೊತ್ತು.)

ಹೆಜ್ಜೇನು ಗೂಡು? ಹಾವು. ಗೂಡು ದಾರಿಯಲ್ಲಿದ್ರೆ ಆ ದಾರಿ ಹತ್ತಲೇಬಾರದು, ಇದರಲ್ಲಿ ಧೈರ್ಯದ ಪ್ರಶ್ನೆನೇ ಬರಲ್ಲ. ಒದ್ದೆ ಬಂಡೆ, ಮಧ್ಯಾಹ್ನದ ಕಾದ ಬಂಡೆ, ಕೈಲಿ ಆಡಿಸಿದ್ರೆ ಅಲ್ಲಾಡೋ ತುಕ್ಕು ಬೋಲ್ಟ್, ಅನುಭವ ಇಲ್ದಿರೋ ಬಿಲೇಯರ್ (ಕೆಳಗೆ ನಿಂತು ನಿಮ್ಮ ಹಗ್ಗ ಹಿಡಿಯೋನು), ಇವೆಲ್ಲ ಹಾವೇ. ಹಾವಿಗೆ ಪರಿಹಾರ ಉಸಿರಾಟದ ವ್ಯಾಯಾಮ ಅಲ್ಲ ಸ್ವಾಮಿ, ಯೋಜನೆ ಬದಲಾಯಿಸೋದು. ಹಗ್ಗಕ್ಕೆ ಮಾತ್ರ ಮನಸ್ಸಿನ ತಯಾರಿ.

ಬೀಳೋದನ್ನ ಕಲೀರಿ, ಎಲ್ಲರೂ ಎಡವೋದು ಇಲ್ಲೇ

ಬೀಳೋ ಭಯ ಮಾತಿಂದ ಹೋಗಲ್ಲ, ಬಿದ್ದು ಬಿದ್ದೇ ಕಮ್ಮಿ ಆಗ್ಬೇಕು. ಆದ್ರೆ ನಮ್ಮ ಹುಡುಗ್ರು ಮಾಡೋದು ಹೇಗಂದ್ರೆ, "ಒಂದೇ ಸಲ ದೊಡ್ಡದಾಗಿ ಬಿದ್ಬಿಡು ಮಗಾ, ಎಲ್ಲಾ ಹೋಗ್ಬಿಡತ್ತೆ" ಅಂತ ಹುರಿದುಂಬಿಸಿ ಬೀಳಿಸ್ತಾರೆ. ಅಂಜಿದವನ ಮೇಲೆ ಕಪ್ಪೆ ಹಾಕಿದ ಹಾಗೆ ಅದು. ನನ್ನ ಜೊತೆ ಹತ್ತೋ ಒಬ್ಬ ಹಂಗೇ ಬಿದ್ದು, ಮೈಗೆ ಒಂದು ಗೀರೂ ಆಗ್ದೆ, ಆಮೇಲೆ ಎಂಟು ತಿಂಗಳು ಲೀಡ್ ಮಾಡೋದನ್ನೇ ಬಿಟ್ಟಿದ್ದ.

ಮೊದಲನೇದಾಗಿ ಜಾಗ. ಸ್ಲ್ಯಾಬ್ ಮೇಲೆ, ಅಂದ್ರೆ ಸಾವನದುರ್ಗದ ತರ ಇಳಿಜಾರು ಬಂಡೆ ಮೇಲೆ, ಬೀಳೋ ಪ್ರಾಕ್ಟೀಸ್ ಮಾಡ್ಬೇಡಿ, ಅಲ್ಲಿ ಬೀಳೋದಂದ್ರೆ ಗಾಳೀಲಿ ಹಾರೋದಲ್ಲ, ಉಜ್ಕೊಂಡು ಬರೋದು, ತೆಂಗಿನಕಾಯಿ ತುರಿದ ಹಾಗೆ ಚರ್ಮ ಹೋಗತ್ತೆ. ಸ್ವಲ್ಪ ಹೊರಕ್ಕೆ ಬಾಗಿರೋ ಕೃತಕ ಗೋಡೆ ಬೇಕು, ಇಲ್ಲಾಂದ್ರೆ ಬಾದಾಮಿಯ ಮರಳುಗಲ್ಲಿನ ನೆಟ್ಟಗಿರೋ ಬೋಲ್ಟ್ ಹಾಕಿರೋ ದಾರಿ, ಬಿದ್ರೆ ಕೆಳಗೆ ಬರೀ ಗಾಳಿ ಇರ್ಬೇಕು. ಕನಿಷ್ಠ ನಾಲ್ಕೈದು ಬೋಲ್ಟ್ ದಾಟಿ ಮೇಲೆ ಹೋದ್ಮೇಲೆ ಶುರು ಮಾಡಿ. ಹೊರಗೆ ಬಂದಿರೋ ಹಗ್ಗ ಜಾಸ್ತಿ ಇದ್ದಷ್ಟೂ ಅದು ಹಿಗ್ಗಿ ಜಗ್ಗು ಮೆತ್ತಗಾಗತ್ತೆ, ನೆಲಾನೂ ದೂರ.

ಮೊದಲ ದಿನ ಬೋಲ್ಟ್ ಎದೆ ಮಟ್ಟದಲ್ಲಿ ಇರುವಾಗ ಕೈ ಬಿಡಿ, ಸುಮ್ನೆ ಕೂತ ಹಾಗೆ. ಐದಾರು ಸಲ. ಬೇಜಾರಾಗೋವರೆಗೂ ಮಾಡಿ, ಬೇಜಾರು ಬಂತು ಅಂದ್ರೆ ಆ ಹಂತ ಮುಗೀತು ಅಂತ ಅರ್ಥ. ಆಮೇಲೆ ಬೋಲ್ಟ್ ಸೊಂಟದ ಹತ್ರ, ಇನ್ನೊಂದು ದಿನ ಮೊಣಕಾಲ ಹತ್ರ. ಲೆಕ್ಕ ಗೊತ್ತಿರಲಿ: ಹಗ್ಗ ಕಟ್ಟಿರೋ ಗಂಟು ಬೋಲ್ಟಿಂದ 2 ಮೀಟರ್ ಮೇಲಿದ್ರೆ ಬೀಳೋದು 4 ಮೀಟರ್, ಅದರ ಮೇಲೆ ಸಡಿಲ ಬಿಟ್ಟ ಹಗ್ಗ, ಹಗ್ಗ ಹಿಗ್ಗೋದು ಬೇರೆ. ಈ ಲೆಕ್ಕ ಮೊದಲೇ ತಲೇಲಿದ್ರೆ, ಇನ್ನೂ ಬೀಳ್ತಾನೇ ಇದೀನಲ್ಲ ಅನ್ನೋ ಆ ಅರ್ಧ ಸೆಕೆಂಡ್ ಅಷ್ಟು ಭಯಾನಕ ಅನ್ಸಲ್ಲ.

ಕೈ ಬಿಡೋವಾಗ ಉಸಿರು ಹೊರಗೆ ಬಿಡಿ, ಆಗ್ಲಿಲ್ಲ ಅಂದ್ರೆ ಕಿರುಚಿ, ಕಿರುಚಿದ್ರೂ ಉಸಿರು ಹೊರಗೇ ತಾನೇ ಹೋಗೋದು. ಹಗ್ಗ ಹಿಡಿಯೋಕೆ ಹೋಗ್ಬೇಡಿ, ಕ್ವಿಕ್‌ಡ್ರಾ (ಬೋಲ್ಟ್‌ಗೂ ಹಗ್ಗಕ್ಕೂ ಮಧ್ಯೆ ಸಿಕ್ಕಿಸೋ ಜೋಡಿ ಕೊಂಡಿ) ಅಂತೂ ಮುಟ್ಲೇಬೇಡಿ, ಬೆರಳು ಹೋಗತ್ತೆ. ಹಿಂದಕ್ಕೆ ಜಿಗೀಬೇಡಿ, ಎಷ್ಟು ಜೋರಾಗಿ ಆಚೆ ಹೋಗ್ತೀರೋ ಅಷ್ಟೇ ಜೋರಾಗಿ ಗೋಡೆಗೆ ಬಂದು ಬಡೀತೀರ. ಕಾಲು ಮುಂದೆ, ಮೊಣಕಾಲು ಸ್ವಲ್ಪ ಮಡಚಿ, ಬೆಕ್ಕಿನ ತರ. ಹಗ್ಗ ಕಾಲಿನ ಹಿಂದೆ ಸಿಕ್ಕಿದ್ರೆ ಮಾತ್ರ ತಲೆಕೆಳಗಾಗ್ತೀರ, ಹೆಲ್ಮೆಟ್ ಅದಕ್ಕೇ. ಬಿಲೇಯರ್‌ಗೂ ಇದು ಪ್ರಾಕ್ಟೀಸೇ, ಅವನು ಹಗ್ಗ ಬಿಗಿಯಾಗಿ ಎಳ್ಕೊಂಡು ನಿಂತ್ರೆ ನೀವು ಗೋಡೆಗೆ ಅಪ್ಪಳಿಸ್ತೀರ, ಜಗ್ಗು ಬಂದಾಗ ಅವನೂ ಒಂಚೂರು ಮೇಲಕ್ಕೆ ಹೋಗ್ಬೇಕು. ಅವನು 50 ಕೆಜಿ ನೀವು 85 ಇದ್ರೆ ಒಂಚೂರಲ್ಲ, ಪೂರ್ತಿ ಮೇಲಕ್ಕೇ ಹೋಗ್ತಾನೆ, ಅದನ್ನ ಮುಂಚೆನೇ ಮಾತಾಡ್ಕೊಳ್ಳಿ.

ಯಾವುದಾದ್ರೂ ಹಂತದಲ್ಲಿ ಭಯ ಕಮ್ಮಿ ಆಗೋ ಬದಲು ಜಾಸ್ತಿ ಆಯ್ತಾ, ಒಂದು ಹಂತ ಕೆಳಗೆ ಬನ್ನಿ, ಒಂದು ಸಣ್ಣ ಸಲೀಸು ಬೀಳುವಿಕೆಯಲ್ಲಿ ಆ ದಿನ ಮುಗಿಸಿ ಮನೆಗೆ ಹೋಗಿ. ಮೂರ್ನಾಲ್ಕು ವಾರ ಹಿಡಿಯತ್ತೆ, ಇದಕ್ಕೆ ಶಾರ್ಟ್‌ಕಟ್ ಇಲ್ಲ, ಇದೆ ಅಂತ ವೀಕೆಂಡ್ ವರ್ಕ್‌ಶಾಪ್ ಮಾರೋರನ್ನ ನಂಬ್ಬೇಡಿ.

ಹಿಂದಿನ ರಾತ್ರಿ, ಬೆಳಿಗ್ಗೆ

ಬ್ಯಾಗ್ ರೆಡಿ ಮಾಡಿ, ಮಲ್ಕೊಳ್ಳಿ. ಬೆಳಿಗ್ಗೆ ಎರಡು ಇಡ್ಲಿ, ಅರ್ಧ ಲೋಟ ಕಾಫಿ, ಅಷ್ಟೇ.

ಬಂಡೆ ಮೇಲೆ

ಗಂಟು, ಹಾರ್ನೆಸ್ (ಸೊಂಟಕ್ಕೆ ಕಟ್ಟೋ ಪಟ್ಟಿ) ಬಕಲ್, ಬಿಲೇ ಡಿವೈಸ್ (ಬಿಲೇಯರ್ ಹಗ್ಗ ತಡೆಯೋ ಸಾಧನ) ಒಬ್ಬರದ್ದು ಒಬ್ರು ಕೈಯಿಂದ ಮುಟ್ಟಿ ನೋಡಿ, ಬಾಯಲ್ಲಿ ಓಕೆ ಓಕೆ ಅಂದ್ರೆ ಆಗಲ್ಲ. ನಾಲ್ಕು ಎಣಿಸ್ತಾ ಉಸಿರು ಒಳಗೆ, ಆರು ಎಣಿಸ್ತಾ ಹೊರಗೆ, ಒಂದು ಹತ್ತು ಸಲ. ಹೊರಗೆ ಬಿಡೋದು ಉದ್ದ ಇದ್ರೆ ಎದೆ ಬಡಿತ ನಿಧಾನ ಆಗತ್ತೆ.

ಸ್ಲ್ಯಾಬ್ ಮೇಲೆ ಭಯ ನಿಮಗೆ ಸುಳ್ಳು ಸಲಹೆ ಕೊಡತ್ತೆ, ಬಂಡೆ ತಬ್ಕೋ ಅಂತ. ತಬ್ಕೊಂಡ ತಕ್ಷಣ ಭಾರ ಕಾಲಿಂದ ಕೈಗೆ ಹೋಗತ್ತೆ, ಹಿಮ್ಮಡಿ ಏಳತ್ತೆ, ರಬ್ಬರ್ ಜಾರತ್ತೆ. ಅದಕ್ಕೆ ಭಯ ಬಂತು ಅಂದ್ರೆ ಒಂದೇ ಕೆಲಸ, ಹಿಮ್ಮಡಿ ಕೆಳಗೆ, ಸೊಂಟ ಹೊರಗೆ, ಕಣ್ಣು ಮುಂದಿನ ಎರಡು ಹೆಜ್ಜೆ ಮೇಲೆ. ನಾನು "ಹಿಮ್ಮಡಿ, ಹಿಮ್ಮಡಿ" ಅಂತ ಗೊಣಗ್ತಾ ಹತ್ತೋದು, ನೋಡೋರು ಹುಚ್ಚ ಅಂದ್ಕೊಂಡ್ರೆ ಅಂದ್ಕೊಳ್ಳಲಿ.

ವಾಪಸ್ ಬರೋ ದಾರಿ

ಇದನ್ನ ನೆಲದ ಮೇಲೇ ತೀರ್ಮಾನ ಮಾಡ್ಬೇಕು, ಮೇಲೆ ಹೋದ್ಮೇಲೆ ತಲೆ ಓಡಲ್ಲ. ಇಷ್ಟು ಗಂಟೆಗೆ ಇಂಥ ಪಿಚ್ (ಒಂದು ಹಗ್ಗದಳತೆಯಲ್ಲಿ ಹತ್ತೋ ಭಾಗ) ಮುಟ್ಲಿಲ್ಲ ಅಂದ್ರೆ ಇಳಿಯೋದು, ಇಬ್ಬರಲ್ಲಿ ಯಾರು ಬೇಡ ಅಂದ್ರೂ ಇಳಿಯೋದು, ಕಾರಣ ಕೇಳೋ ಹಾಗಿಲ್ಲ, ಕಾರಲ್ಲಿ ಆಡ್ಕೊಳ್ಳೋ ಹಾಗೂ ಇಲ್ಲ. ಅಮೆರಿಕದ ಎಲ್ ಕ್ಯಾಪಿಟನ್ ಅನ್ನೋ ಭಾರೀ ಬಂಡೇನ 2017ರ ಜೂನ್‌ನಲ್ಲಿ ಹಗ್ಗ ಇಲ್ದೆ ಹತ್ತಿದ ಅಲೆಕ್ಸ್ ಹೊನಾಲ್ಡ್ ಕೂಡ 2016ರಲ್ಲಿ ಒಂದು ಸಲ ಶುರು ಮಾಡಿ, ಸರಿ ಅನಿಸ್ದೆ ಅರ್ಧಕ್ಕೇ ಬಿಟ್ಟು ವಾಪಸ್ ಬಂದಿದ್ದ, ಅವನಿಗೇ ಆಗದ ಅವಮಾನ ನಮಗೇನು.

ಇಳಿಯೋಣ ಅಂದ್ರೆ ಇಳಿಯೋಕೆ ಆಗ್ಬೇಕಲ್ಲ, ಅದನ್ನೂ ನೋಡ್ಕೊಳ್ಳಿ. 60 ಮೀಟರ್ ಹಗ್ಗ ಒಂದೇ ಇದ್ರೆ ಅದನ್ನ ಮಡಚಿ ರ‍್ಯಾಪೆಲ್ ಮಾಡೋಕಾಗೋದು, ಅಂದ್ರೆ ಹಗ್ಗದ ಮೇಲೆ ಜಾರಿ ಇಳಿಯೋಕಾಗೋದು, 30 ಮೀಟರ್ ಮಾತ್ರ. ಪಿಚ್ 45 ಮೀಟರ್ ಇದ್ರೆ ಬಂಡೆ ಮಧ್ಯದಲ್ಲಿ ನೇತಾಡ್ತಾ ಇರ್ತೀರ. ಎರಡು ಹಗ್ಗ ತಗೊಂಡ್ಹೋಗಿ, ತುದಿಗಳಿಗೆ ಗಂಟು ಹಾಕೋದು ಮರೀಬೇಡಿ, ಭಾರ ಅಂತ ಗೊಣಗೋ ಪಾರ್ಟ್ನರ್‌ಗೆ ಎರಡನೇದನ್ನ ಹೊರೋಕೆ ಕೊಡಿ.