ತೂಕದ ಡ್ರೈವರ್‌ನಲ್ಲಿ ಸಿ ಭಾಷೆಯ ಲಾಂಗ್ ಬಳಸಿ ಪಟ್ಟ ಪಾಡು

ದಾವಣಗೆರೆಯ ಒಬ್ಬ ಮೆಕ್ಕೆಜೋಳದ ವ್ಯಾಪಾರಿಗೆ, ಗೋಡೌನ್‌ನಲ್ಲಿ ಚೀಲದ ಲೆಕ್ಕ ತಾಳೆ ನೋಡೋಕೆ ಅಂತ, ತೂಕದ ಸೆನ್ಸರ್‌ನ ಸಿಗ್ನಲ್ ಅಂಕಿಯಾಗಿಸೋ ಎಚ್‌ಎಕ್ಸ್711 ಚಿಪ್ ಹಾಕಿ ಒಂದು ತೂಕದ ಯಂತ್ರ ಮಾಡಿಕೊಟ್ಟಿದ್ದೆ. ಚಿಪ್ ಓದಿ ಪ್ರೋಗ್ರಾಮ್‌ಗೆ ಕೊಡೋ ಲಿನಕ್ಸ್ ಡ್ರೈವರ್ ನನ್ನದೇ, ತೂಕ ತೋರಿಸೋ ಪ್ರೋಗ್ರಾಮ್ ಕೂಡ ನನ್ನದೇ. ಎರಡು ವರ್ಷ ಚೆನ್ನಾಗಿ ಓಡಿತು. ಆಮೇಲೆ ಬೋರ್ಡ್ ಕೆಟ್ಟಿತು, ಹೊಸದು ಹಾಕಿದೆ, ಕರ್ನಲ್ (ಲಿನಕ್ಸ್‌ನ ತಿರುಳು, ಡ್ರೈವರ್ ಓಡೋದು ಅದರೊಳಗೇ) 64 ಬಿಟ್ ಆಯಿತು. ಪ್ರೋಗ್ರಾಮ್ ಮಾತ್ರ 32 ಬಿಟ್‌ನಲ್ಲೇ ಉಳಿಯಿತು, ಯಾಕಂದ್ರೆ ಚೀಟಿ ಪ್ರಿಂಟ್ ಮಾಡೋ ಲೈಬ್ರರಿಯ ಸೋರ್ಸ್ ನನ್ನ ಹತ್ತಿರ ಇರಲಿಲ್ಲ.

ಮಾರನೇ ದಿನ ಬೆಳಗ್ಗೆನೇ ಫೋನ್. "ತಮ್ಮಾ, ಚೀಲ ಇಟ್ರೂ ಸೊನ್ನೆನೇ ತೋರಿಸ್ತೈತಲ್ಲೋ."

ಪ್ರೋಗ್ರಾಮ್ ಕರ್ನಲ್‌ಗೆ ಮಾಡೋ ಕರೆಗಳನ್ನು ತೋರಿಸೋ ಸ್ಟ್ರೇಸ್ ಹಾಕಿ ನೋಡಿದರೆ, ಡ್ರೈವರ್‌ಗೆ ಕಮಾಂಡ್ ಕಳಿಸೋ ಐಆಕ್ಟಲ್ ಕರೆಗೆ ಇ-ನೋ-ಟಿಟಿವೈ ಎರರ್, ಅಂದರೆ ಈ ಕಮಾಂಡ್ ಗೊತ್ತಿಲ್ಲ ಅಂತ. ಕರ್ನಲ್ ಲಾಗ್‌ನಲ್ಲಿ ನನ್ನ ಡ್ರೈವರ್‌ನ ಒಂದು ಸಾಲೂ ಇಲ್ಲ, ಅಂದರೆ ಕರೆ ಅಲ್ಲಿ ತನಕ ಬಂದೇ ಇಲ್ಲ. 32 ಬಿಟ್ ಪ್ರೋಗ್ರಾಮ್‌ಗಳಿಗೆ 64 ಬಿಟ್ ಕರ್ನಲ್‌ನಲ್ಲಿ ಬೇರೆ ಬಾಗಿಲು, ಕಂಪ್ಯಾಟ್ ಐಆಕ್ಟಲ್ ಅಂತ. ಅದನ್ನು ನಾನು ಬರೆದಿರಲೇ ಇಲ್ಲ. ಬರೆದೆ. ಕರೆ ಒಳಗೆ ಬಂತು, ಎರರ್ ಮಾತ್ರ ಅದೇ!

ಆಗ ಎರಡೂ ಕಡೆಯ ಕಮಾಂಡ್ ನಂಬರ್ ಪಕ್ಕ ಪಕ್ಕ ಪ್ರಿಂಟ್ ಮಾಡಿದೆ. ಪ್ರೋಗ್ರಾಮ್ ಕಳಿಸ್ತಿದ್ದದ್ದು 800ಸಿ7701, ಡ್ರೈವರ್ ಕಾಯ್ತಿದ್ದದ್ದು 80187701. ಈ ನಂಬರ್ ಒಳಗೆ ಸ್ಟ್ರಕ್ಟ್‌ನ (ಒಟ್ಟಿಗೆ ಕಳಿಸೋ ಮಾಹಿತಿಯ ಕಟ್ಟಿನ) ಸೈಜ್ ಕೂಡ ಸೇರಿರುತ್ತದೆ. ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ, 0ಸಿ ಅಂದ್ರೆ 12, 18 ಅಂದ್ರೆ 24. ಎರಡೂ ಕಡೆಗೆ ಸ್ಟ್ರಕ್ಟ್ ಹೇಳೋದು ಒಂದೇ ಹೆಡರ್ ಫೈಲ್, ಒಂದು ಕಡೆ 12 ಬೈಟ್, ಇನ್ನೊಂದು ಕಡೆ 24! ನಾನು ತೂಕಕ್ಕೆ ಲಾಂಗ್ ಅನ್ನೋ ಪೂರ್ಣಾಂಕ, ಅಳತೆಯ ವಿಧಕ್ಕೆ 4 ಬೈಟ್‌ನ ಇಂಟ್, ಟೈಮ್‌ಗೆ ಮತ್ತೆ ಲಾಂಗ್ ಬರೆದಿದ್ದೆ. 32 ಬಿಟ್‌ನಲ್ಲಿ ಲಾಂಗ್ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8. ಜೊತೆಗೆ ಇಂಟ್ ಆದ ಮೇಲೆ ಮುಂದಿನ ಲಾಂಗ್ 8ರ ಗಡಿಯಲ್ಲಿ ಕೂರಬೇಕು ಅಂತ ಕಂಪೈಲರ್ 4 ಬೈಟ್ ಖಾಲಿ ಬಿಡುತ್ತದೆ.

ಇ-ನೋ-ಟಿಟಿವೈ ಬಂದದ್ದೇ ಒಳ್ಳೆಯದಾಯ್ತು. ಸೈಜ್ ನಂಬರ್‌ನೊಳಗೆ ಇಲ್ಲದಿದ್ದರೆ ಕರ್ನಲ್ 24 ಬೈಟ್ ತಂದು 12ರ ಜಾಗಕ್ಕೆ ಸುರಿದು, ಪಕ್ಕದ ಮೆಮೊರಿ ಹಾಳಾಗಿ, ಸುಳ್ಳು ತೂಕ ಚೀಟಿಯಲ್ಲಿ ಅಚ್ಚಾಗಿ ಹೋಗಬಹುದಿತ್ತು. ಸೊನ್ನೆ ಬಂದರೆ ಫೋನ್ ಬರುತ್ತದೆ, ಸುಳ್ಳು ತೂಕಕ್ಕೆ ಯಾರು ಮಾಡ್ತಾರೆ?

ಈಗ ಲಾಂಗ್ ತೆಗೆದುಬಿಟ್ಟೆ. ಚಿಪ್ ಕೊಡೋದೇ 24 ಬಿಟ್, ತೂಕಕ್ಕೆ 32 ಬಿಟ್ ಜಾಸ್ತಿನೇ ಆಯ್ತು. ಟೈಮ್‌ಗೆ 64 ಬಿಟ್, ಯಾಕಂದ್ರೆ 32 ಬಿಟ್ ಟೈಮ್ 2038ರ ಜನವರಿ 19ಕ್ಕೆ ಮುಗಿಯುತ್ತದೆ. ದೊಡ್ಡದನ್ನು ಮೊದಲು ಇಟ್ಟೆ. ಎಲ್ಲಾ ಕಡೆ 16 ಬೈಟ್, ನಡುವೆ ಖಾಲಿ ಜಾಗ ಇಲ್ಲ. ಸ್ಟ್ರಕ್ಟ್ ಒಳಗಿನ ಜಾಗ ತೋರಿಸೋ ಪಹೋಲ್ ಟೂಲ್‌ನಲ್ಲಿ ಎರಡೂ ಬಿಲ್ಡ್ ನೋಡಿ ಖಾತ್ರಿ ಮಾಡಿಕೊಂಡೆ.

ಆಮೇಲೆ ಗೊತ್ತಾಯ್ತು, ಲಿನಕ್ಸ್ ಒಳಗೇ ಇಂಥವು ಇವೆ. ಸಿಗ್ನಲ್‌ಗಳ ಪಟ್ಟಿ ಹಿಡಿಯೋ ಸಿಗ್‌ಸೆಟ್-ಟಿ ಕರ್ನಲ್‌ನಲ್ಲಿ 8 ಬೈಟ್, ಪ್ರೋಗ್ರಾಮ್‌ಗಳು ಬಳಸೋ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ 128. ಡಿವೈಸ್ ನಂಬರ್ ಹಿಡಿಯೋ ಡೆವ್-ಟಿ ಕರ್ನಲ್ ಒಳಗೆ 32 ಬಿಟ್, ಗ್ಲಿಬ್‌ಸಿಯಲ್ಲಿ 64. ನಡುವೆ ಲೈಬ್ರರಿ ನಿಂತು ಹೊಂದಿಸೋದರಿಂದ ನಮಗೆ ಕಾಣೋದಿಲ್ಲ, ಅಷ್ಟೇ. ನನ್ನ ಡ್ರೈವರ್‌ಗೆ ನಡುವೆ ಯಾರೂ ಇರಲಿಲ್ಲ. ಅದಕ್ಕೇ ಹೆಡರ್‌ನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಸೈಜ್ 16 ಅಲ್ಲದಿದ್ದರೆ ಕಂಪೈಲ್ ಆಗಲೇಬಾರದು.