ಟೊಂಕ ಹಿಡಿಯದ ಹಾಗೆ ಸೂರ್ಯ ನಮಸ್ಕಾರ

ವಿಜಯಪುರದ ಯಾವ ಗಾರ್ಡನ್‌ಗೆ ಬೇಕಾದರೂ ಬೆಳಗ್ಗೆ ಆರಕ್ಕೆ ಹೋಗಿ ನೋಡಿ. ಐವತ್ತೈದು, ಅರವತ್ತು ದಾಟಿದವರು ಸಾಲಾಗಿ ನಿಂತಿರುತ್ತಾರೆ. ಮುಂದೆ ನಿಂತ ಹುಡುಗ, "ಇನ್ನೂ ಬಗ್ರಿ, ಮೊಣಕಾಲ ಮಡಚಬ್ಯಾಡ್ರಿ, ಬಟ್ಟು ನೆಲಕ್ಕ ಹತ್ತಬೇಕು" ಎಂದು ಕೂಗುತ್ತಿರುತ್ತಾನೆ. ಇವರು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಬಗ್ಗುತ್ತಾರೆ. ಸ್ವಲ್ಪ ದಿನದಲ್ಲಿ ಸಾಲು ತೆಳ್ಳಗಾಗುತ್ತದೆ. ಯಾಕೆ ಬರ್ತಿಲ್ಲ ಅಂತ ಕೇಳಿದರೆ, "ಟೊಂಕ ಹಿಡದೈತ್ರಿ, ನಮಗ ಈ ಯೋಗ ಆಗಿ ಬರೂದಿಲ್ಲ" ಅನ್ನುತ್ತಾರೆ.

ಇಪ್ಪತ್ತರ ಹುಡುಗರ ಅಳತೆಗೆ ಹೊಲಿದದ್ದು ಅರವತ್ತರ ಮೈಗೆ ಹೇಗೆ ಆಗಿ ಬರಬೇಕು ಹೇಳಿ?

ಸೂರ್ಯ ನಮಸ್ಕಾರ ಈ ಭಾಗಕ್ಕೆ ಹೊಸದಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನು ಶಾಲೆ ಶಾಲೆಗೆ ತಲುಪಿಸಿದವರು ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಔಂಧ ಇರುವುದು ಸಾತಾರಾ ಕಡೆ. ಆದರೆ ನಮ್ಮ ಜಿಲ್ಲೆಯ ಗುಣದಾಳ ಕೂಡ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಮೈಗೆ ತಕ್ಕಂತೆ ಆಸನ ಹೊಂದಿಸಿಕೊಳ್ಳುವುದೂ ಹೊಸ ಫ್ಯಾಷನ್ ಅಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ಹುಡುಗರಿಗೆ ನೆಗೆಯುವ, ಹಾರುವ ಆಸನ ಕಲಿಸಿದರು. ಮುಂದೆ ಚೆನ್ನೈಗೆ ಹೋದ ಮೇಲೆ ಕಾಯಿಲೆಯವರು, ವಯಸ್ಸಾದವರು ಬಂದಾಗ ಅವರವರ ಶಕ್ತಿ ನೋಡಿ ಬೇರೆ ಬೇರೆ ರೀತಿ ಕಲಿಸಿದರು. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಬೆಲ್ಟು, ಇಟ್ಟಿಗೆ ಎಲ್ಲ ಬಳಸಿದರು. ಆದ್ದರಿಂದ ಕುರ್ಚಿ ಹಿಡಿದು ಮಾಡಿದರೆ ಅದು ಯೋಗವೇ ಅಲ್ಲ ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ.

ಶುರು ಮಾಡುವ ಮುನ್ನ

ಬಿಪಿ ಹತೋಟಿಯಲ್ಲಿ ಇಲ್ಲದವರು, ಕಣ್ಣಿನ ಒತ್ತಡ ಅಂದರೆ ಗ್ಲಾಕೋಮಾ ಇರುವವರು, ಹರ್ನಿಯಾ ಇರುವವರು, ಈಚೆಗೆ ಆಪರೇಷನ್ ಆದವರು, ಮೂಳೆ ಸವೆದಿದೆ ಎಂದು ಡಾಕ್ಟರ್ ಹೇಳಿರುವವರು ಮೊದಲು ಅವರನ್ನೇ ಕೇಳಿ. ಬೆನ್ನಿನಿಂದ ಕಾಲಿಗೆ ಜೋಮು ಇಳಿಯುತ್ತಿದ್ದರೆ ಅವರನ್ನು ಕೇಳದೆ ಬಗ್ಗಲೇಬೇಡಿ.

ಹಾಸಿಗೆಯಿಂದ ಎದ್ದವರೇ ಬಗ್ಗಬೇಡಿ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆಗ ಬಗ್ಗಿದರೆ ಅವುಗಳ ಮೇಲೆ ಜಾಸ್ತಿ ಒತ್ತಡ ಬೀಳುತ್ತದೆ. ಎದ್ದು, ಮುಖ ತೊಳೆದು, ಅಂಗಳದಲ್ಲಿ ಓಡಾಡಿ, ಒಂದು ತಾಸು ಬಿಟ್ಟು ಮಾಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಅಷ್ಟರಲ್ಲಿ ಹೊರಗೆ ಕಾದುಹೋಗಿರುತ್ತದೆ. ಹಾಗಿದ್ದರೆ ಸಂಜೆ ಮಾಡಿ. ಮುಳುಗುವ ಸೂರ್ಯನಿಗೂ ನಮಸ್ಕಾರ ಸಲ್ಲುತ್ತದೆ. ಊಟವಾಗಿ ಮೂರು ತಾಸು ಆಗಿರಲಿ.

ಸಾಮಾನು ಏನೂ ಬೇಡ. ತಳ್ಳುಗಾಡಿಯಲ್ಲಿ ಮಾರುವ ತೆಳು, ಮಿರಿಮಿರಿ ಮ್ಯಾಟ್ ಫರ್ಸಿ ನೆಲದ ಮೇಲೆ ಜಾರುತ್ತದೆ, ವಾಸನೆಯೂ ಬರುತ್ತದೆ. ಜಮಖಾನೆಯೂ ಜಾರುತ್ತದೆ. ಬರಿಗಾಲಲ್ಲಿ ಬರಿ ನೆಲದ ಮೇಲೆ ನಿಲ್ಲಿ. ಮೊಣಕಾಲು ಊರುವಾಗ ಮಾತ್ರ ಮಡಚಿದ ಕೌದಿ ಇರಲಿ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಭಾರ ಬಿಟ್ಟ ತಕ್ಷಣ ಅದರ ಕಾಲು ಅಗಲವಾಗುತ್ತವೆ. ಕಬ್ಬಿಣದ ಅಥವಾ ಕಟ್ಟಿಗೆಯ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಡುಗೆಮನೆ ಕಟ್ಟೆ ಇನ್ನೂ ಒಳ್ಳೆಯದು, ಅದು ಎಲ್ಲಿಗೂ ಹೋಗುವುದಿಲ್ಲ.

ಉಸಿರು

ಕೈ ಎತ್ತುವಾಗ ಉಸಿರು ಒಳಗೆ, ಬಗ್ಗುವಾಗ ಹೊರಗೆ. ಮೊದಲು ಉಸಿರು ಶುರುವಾಗಲಿ, ಆಮೇಲೆ ಮೈ ಅಲುಗಲಿ. ಮೈ ನಿಂತ ಮೇಲೂ ಉಸಿರು ಒಂದು ಚೂರು ಉಳಿದಿರಲಿ. ಉಸಿರು ಮೊದಲೇ ಮುಗಿದುಹೋದರೆ ನೀವು ಜಾಸ್ತಿ ಬಗ್ಗಿದ್ದೀರಿ ಎಂದೇ ಲೆಕ್ಕ. ಬೇರೆ ಅಳತೆಪಟ್ಟಿ ಬೇಕಿಲ್ಲ.

ಕೈ ಎತ್ತುವುದು

ಎಷ್ಟು ಏಳುತ್ತದೋ ಅಷ್ಟು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹಿಡಿಯುವುದು ಜಾಸ್ತಿ. ಅಂಥವರು ಮೊಣಕೈ ಮಡಚಿಯೇ ಎತ್ತಲಿ. ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಬೇಡಿ.

ಮುಂದೆ ಬಗ್ಗುವುದು

ಎಲ್ಲರೂ ಕೆಡುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ತೊಡೆಯೂ ಹೊಟ್ಟೆಯೂ ಸೇರುವ ಕಡೆ ಒಂದು ಮಡಿಕೆ ಇದೆ ಅಲ್ವಾ? ಬಗ್ಗಬೇಕಾದದ್ದು ಅಲ್ಲಿಂದ. ನಮ್ಮಲ್ಲಿ ಹೆಚ್ಚಿನವರು ಅದಕ್ಕಿಂತ ಮೇಲೆ, ಟೊಂಕದಿಂದ ಬಗ್ಗುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಬೆನ್ನಿಗೆ ಮಾತ್ರ ಗೊತ್ತಾಗುತ್ತದೆ.

ಎರಡೂ ಅಂಗೈಗಳ ಅಂಚನ್ನು ಆ ಮಡಿಕೆಗೆ ಒತ್ತಿ ಹಿಡಿಯಿರಿ. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಲ್ಲಿ. ಪಾದಗಳ ನಡುವೆಯೂ ಒಂದು ಗೇಣು ಜಾಗ ಇರಲಿ. ಮೊಣಕಾಲು ಸ್ವಲ್ಪ ಸಡಿಲ ಬಿಡಿ. ಈಗ ತಲೆ ಕೆಳಗೆ ಹಾಕುವ ಯೋಚನೆ ಬಿಟ್ಟು, ಕುಂಡಿಯನ್ನು ಹಿಂದೆ ತಳ್ಳಿ ಗೋಡೆಗೆ ತಾಗಿಸಿ. ಎದೆ ತಾನಾಗಿ ಮುಂದೆ ಬಾಗುತ್ತದೆ. ಅಂಗೈ ಅಂಚು ಮಡಿಕೆಯಲ್ಲಿ ಸಿಕ್ಕಿಕೊಂಡ ಹಾಗೆ ಅನಿಸಿದರೆ ಸರಿ. ಸಿಕ್ಕಿಕೊಳ್ಳದೆ ಬೆನ್ನು ಗೂನಾದರೆ ಮತ್ತೆ ಎದ್ದು ನಿಂತು ಮೊದಲಿನಿಂದ ಮಾಡಿ. ಮನೆಯವರಿಗೆ ಒಂದು ಉದ್ದನೆಯ ಕೋಲನ್ನು ಬೆನ್ನ ಮೇಲೆ ಹಿಡಿಯಲು ಹೇಳಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಯಾವುದಾದರೂ ಒಂದು ಬಿಟ್ಟುಕೊಂಡ ಕ್ಷಣವೇ ನಿಮ್ಮ ಗಡಿ. ಅದು ಸೊಂಟದೆತ್ತರದಲ್ಲೇ ಬಂದರೂ ಪರವಾಗಿಲ್ಲ, ಅಲ್ಲೇ ನಿಲ್ಲಿ. ಕೈಗಳನ್ನು ಕಟ್ಟೆಯ ಮೇಲೋ ಕುರ್ಚಿಯ ಮೇಲೋ ಊರಿ. ರೊಟ್ಟಿ ಬಡಿದು ಬಡಿದು ಮಣಿಕಟ್ಟು ನೋಯುವ ಹೆಂಗಸರು ಅಂಗೈ ಬದಲು ಮುಷ್ಟಿ ಊರಬಹುದು.

ಮೊಣಕಾಲು ಯಾಕೆ ಸಡಿಲ? ತೊಡೆಯ ಹಿಂದಿನ ಸ್ನಾಯುಗಳು ನಾವು ಕೂರುವ ಮೂಳೆಗೆ ಅಂಟಿಕೊಂಡಿವೆ. ವರ್ಷಾನುಗಟ್ಟಲೆ ಅಂಗಡಿಯ ಗಲ್ಲೆ ಮೇಲೆ, ಆಫೀಸಿನ ಕುರ್ಚಿ ಮೇಲೆ ಕೂತವರಿಗೆ ಅವು ಬಿಗಿದಿರುತ್ತವೆ. ಕಾಲು ನೆಟ್ಟಗೆ ಇಟ್ಟರೆ ಆ ಸ್ನಾಯು ಆ ಮೂಳೆಯನ್ನು ಜಗ್ಗಿ ಹಿಡಿಯುತ್ತದೆ, ಸೊಂಟ ತಿರುಗುವುದಿಲ್ಲ. ಉಳಿದ ಬಾಗನ್ನೆಲ್ಲ ಟೊಂಕದ ಡಿಸ್ಕುಗಳೇ ಕೊಡಬೇಕಾಗುತ್ತದೆ. ಮೊಣಕಾಲು ಮಡಚಿದರೆ ಆ ಬಿಗಿತ ಕಡಿಮೆಯಾಗುತ್ತದೆ. ಬೆರಳು ನೆಲಕ್ಕೆ ತಾಗಿದರೆ ಯಾರೂ ಬಹುಮಾನ ಕೊಡುವುದಿಲ್ಲ.

ಟೊಂಕ ಹಿಡಿಯುವುದು ಎಷ್ಟೋ ಸಲ ಮೇಲೆ ಏಳುವಾಗ. ಎಣಿಕೆ ತಪ್ಪಬಾರದು ಅನ್ನುವ ಅವಸರಕ್ಕೆ ಕೈಗಳನ್ನು ಮುಂದೆ ಚಾಚಿ ಎದ್ದುಬಿಡುತ್ತಾರೆ. ಚಾಚಿದ ಕೈಗಳ ಭಾರವೂ ಟೊಂಕದ ಮೇಲೇ ಬೀಳುತ್ತದೆ. ಅದರ ಬದಲು ಕೈಗಳನ್ನು ತೊಡೆಯ ಮೇಲೆ ತನ್ನಿ. ಮೊಣಕಾಲು ಇನ್ನೊಂದಿಷ್ಟು ಮಡಚಿ. ಉಸಿರು ಒಳಗೆ ತೆಗೆದುಕೊಳ್ಳುತ್ತ, ಪಾದಗಳಿಂದ ನೆಲ ಒತ್ತಿ, ಕುಂಡಿ ಬಿಗಿ ಮಾಡಿ ಏಳಿ. ಪೂರ್ತಿ ನಿಂತ ಮೇಲೆ ಬೇಕಾದರೆ ಕೈ ಎತ್ತಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಪಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು. ಅರ್ಧಕ್ಕೆ ನಿಂತು ಒಂದು ಉಸಿರು ಆಡಿ, ಆಮೇಲೆ ನೆಟ್ಟಗಾಗಿ.

ಮೊದಲ ಹದಿನೈದು ದಿನ ಇಷ್ಟೇ ಮಾಡಿ. ಬಗ್ಗುವುದು, ಏಳುವುದು. ಸೊಂಟಕ್ಕೆ ಎಲಾಸ್ಟಿಕ್ ಬೆಲ್ಟ್ ಬಿಗಿದುಕೊಂಡು ಬಗ್ಗುವವರನ್ನೂ ನೋಡುತ್ತೇನೆ. ಡಾಕ್ಟರ್ ಹೇಳಿದ್ದರೆ ಸರಿ, ಅಂಗಡಿಯವನು ಹೇಳಿದ್ದರೆ ತೆಗೆದಿಡಿ.

ಉಳಿದವು

ಕಾಲು ಹಿಂದೆ ಇಡುವುದು: ಕಟ್ಟೆ ಹಿಡಿದು ಒಂದೊಂದೇ ಕಾಲು, ನೆಗೆಯುವಂತಿಲ್ಲ.

ಅಷ್ಟಾಂಗ ನಮಸ್ಕಾರ: ಎದೆ, ಗದ್ದ ನೆಲಕ್ಕೆ ತಾಗಿಸುವ ಈ ಭಂಗಿ ಐವತ್ತರ ಮೇಲೆ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಕಟ್ಟೆಗೆ ಕೈ ಊರಿ ಮೊಣಕೈ ಮಡಚಿ ಎದೆ ಹತ್ತಿರ ತಂದು ಹಿಂದೆ ತಳ್ಳಿದರೆ ಸಾಕು.

ಭುಜಂಗಾಸನ: ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತಿ. ನಡುವೆ ಒಮ್ಮೆ ಅಂಗೈಗಳನ್ನು ನೆಲದಿಂದ ಬಿಡಿಸಿ ನೋಡಿ. ಎದೆ ಧಪ್ಪನೆ ಕೆಳಗೆ ಬಿದ್ದರೆ ಬೆನ್ನಿಗಿಂತ ಕೈಯೇ ಜಾಸ್ತಿ ಕೆಲಸ ಮಾಡುತ್ತಿತ್ತು ಎಂದರ್ಥ. ಆಗ ಕಡಿಮೆ ಎತ್ತಿ. ಹೊಟ್ಟೆಯ ಮೇಲೆ ಮಲಗಲಾರದವರು ಕಟ್ಟೆ ಹಿಡಿದು ನಿಂತೇ ಎದೆ ಮುಂದೆ ತರಲಿ.

ಪರ್ವತಾಸನ: ಕಟ್ಟೆ ಹಿಡಿದು, ಮತ್ತೆ ಅದೇ ಮಡಿಕೆಯಿಂದ ಬಗ್ಗಿ ಕುಂಡಿ ಹಿಂದೆ ತಳ್ಳಿ. ಮೇಲೆ ಕಲಿತದ್ದೇ ಇಲ್ಲೂ ಕೆಲಸಕ್ಕೆ ಬರುತ್ತದೆ.

ಕಾಲು ಮುಂದೆ ತರುವುದು: ನೆಲದ ಮೇಲೆ ಮಾಡುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಎರಡೂ ಮೊಣಕಾಲು ಕೌದಿಯ ಮೇಲೆ ಊರಿ. ಒಂದು ಕೈಯಿಂದ ಮೀನಖಂಡ ಹಿಡಿದು ಕಾಲನ್ನು ಎಳೆದು ಮುಂದೆ ಇಡಿ. ನೋಡಲು ಚೆಂದ ಕಾಣುವುದಿಲ್ಲ, ಕಾಣದಿದ್ದರೆ ಇಲ್ಲ.

ಬಲಗಾಲು ಒಮ್ಮೆ, ಎಡಗಾಲು ಒಮ್ಮೆ ಆದರೆ ಒಂದು ಸುತ್ತು. ಅಂಥ ಮೂರು ಸುತ್ತು ಸಾಕು. ರಥಸಪ್ತಮಿ ಬಂದರೆ 108 ನಮಸ್ಕಾರದ ಸ್ಪರ್ಧೆ ಶುರುವಾಗುತ್ತದೆ. ಮೊಮ್ಮಕ್ಕಳು ಮಾಡಲಿ, ನೀವು ಎಣಿಸುತ್ತ ಕೂರಿ.

ಶವಾಸನ

ಇದನ್ನು ಬಿಟ್ಟು ಚಹಾಕ್ಕೆ ಓಡುವವರೇ ಜಾಸ್ತಿ. ಮೊಣಕಾಲ ಕೆಳಗೆ ಮಡಚಿದ ಕೌದಿ ಇಟ್ಟು ಐದು ನಿಮಿಷ ಮಲಗಿ. ಏಳುವಾಗ ನೇರ ಏಳದೆ, ಬಲಕ್ಕೆ ಹೊರಳಿ ಕೈ ಊರಿ ಏಳಿ.

ಮರುದಿನ ತೊಡೆಯ ಹಿಂದೆ ಸ್ವಲ್ಪ ಬಿಗಿದರೆ ಹೆದರಬೇಕಿಲ್ಲ, ಒಂದು ಸುತ್ತು ಕಡಿಮೆ ಮಾಡಿ. ಟೊಂಕವೇ ನೋಯುತ್ತಿದ್ದರೆ ಎರಡು ದಿನ ಬಿಟ್ಟು, ಮತ್ತೆ ಗೋಡೆಯ ಪಾಠದಿಂದ ಶುರು ಮಾಡಿ. ನೋವು ಮೊಣಕಾಲಿಗಿಂತ ಕೆಳಗೆ ಇಳಿದರೆ, ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.